ಡಬ್ಬಿಯ ಮೇಲೆ ‘ಎನ್’ ಇದ್ದ ಮಾತ್ರಕ್ಕೆ ಒಡವೆ ಸಾಮ್ರಾಜ್ಞಿಯದೇ?

ಪ್ರಶ್ನೆ

ನಾವು ಬೆಂಗಳೂರಿನವರು. ಯಜಮಾನರ ಕೆಲಸದಿಂದಾಗಿ ಕೆಲವು ವರ್ಷಗಳಿಂದ ಫ್ರಾನ್ಸಿನ ಲಿಯಾನ್‌ನಲ್ಲಿದ್ದೇವೆ. ಇಲ್ಲಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಚಿನ್ನದ ಬ್ರೂಚ್ ಒಂದು ಕಣ್ಣಿಗೆ ಬಿತ್ತು. ರಿಬ್ಬನ್ ಗಂಟಿನ ಆಕಾರ, ಕೆಳಗೆ ಎರಡು ಕುಚ್ಚು, ನಡುವೆ ಹಸಿರು ಕಲ್ಲು, ಸುತ್ತ ಸಣ್ಣ ವಜ್ರಗಳು. ಪಿನ್ನಿನ ಹತ್ತಿರ ಹದ್ದಿನ ತಲೆಯ ತೀರಾ ಸಣ್ಣ ಮುದ್ರೆಯಿದೆ. ಜೊತೆಗೆ ಕೆಂಪು ಚರ್ಮದ ಡಬ್ಬಿ, ಮುಚ್ಚಳದ ಮೇಲೆ ಕಿರೀಟವಿಟ್ಟ ‘ಎನ್’ ಅಕ್ಷರ. ಇದು ಮೂರನೇ ನೆಪೋಲಿಯನ್ನನ ಪತ್ನಿ ಸಾಮ್ರಾಜ್ಞಿ ಯೂಜೆನಿಯದು, 1887ರ ಹರಾಜಿನಲ್ಲಿ ಹೊರಬಂದದ್ದು ಎಂದು ಅಂಗಡಿಯವರು ಹೇಳುತ್ತಾರೆ. 6,800 ಯೂರೊ ಕೇಳುತ್ತಿದ್ದಾರೆ. ಮೊದಲನೇ ನೆಪೋಲಿಯನ್ನನ ಪತ್ನಿ ಜೋಸೆಫೀನಳ ಚಿತ್ರವಿರುವ ನೀಲಿ ಅಂಚಿನ ಪಿಂಗಾಣಿ ತಟ್ಟೆಯೂ ಇದೆ, ಬೆನ್ನಿಗೆ ಅದೇ ಕಿರೀಟದ ‘ಎನ್’; ಅದಕ್ಕೆ 900 ಯೂರೊ. ಮಗಳ ಮದುವೆಗೆ ಬ್ರೂಚ್ ಕೊಡಬೇಕೆಂದು ನನಗೆ ಆಸೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಕಳ್ಳತನದ ಸುದ್ದಿ ಓದಿದ ಮೇಲೆ ಯಜಮಾನರು ಬೇಡವೇ ಬೇಡ ಅನ್ನುತ್ತಿದ್ದಾರೆ. ಹದ್ದಿನ ಮುದ್ರೆ ಇದ್ದ ಮೇಲೂ ಅನುಮಾನಪಡಬೇಕೆ? ಊರಿಗೆ ತರಲು ತೊಂದರೆ ಇದೆಯೆ? ಫೋಟೊಗಳನ್ನು ಕಳಿಸಿದ್ದೇನೆ.

ಉತ್ತರ

ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ಸಾಕಷ್ಟು ಹೊತ್ತು ನೋಡಿದೆ. ಬ್ರೂಚಿನ ಹಿಂಭಾಗದ ಚಿತ್ರವನ್ನೂ ಕಳಿಸಿದ್ದು ಬಹಳ ಅನುಕೂಲವಾಯಿತು. ಹಳೆಯ ಒಡವೆಯ ವಿಷಯದಲ್ಲಿ ಮುಂಭಾಗ ಹೇಳುವುದಕ್ಕಿಂತ ಬೆನ್ನು ಹೇಳುವುದೇ ಹೆಚ್ಚು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ರೂಚ್ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕೆಲಸವೇ ಆಗಿರುವ ಸಾಧ್ಯತೆ ಚೆನ್ನಾಗಿದೆ. ಅದು ಯೂಜೆನಿಯದು ಎನ್ನಲು ನೀವು ಕಳಿಸಿದ ಯಾವುದರಲ್ಲೂ ಆಧಾರವಿಲ್ಲ. ಡಬ್ಬಿ ಆ ಬ್ರೂಚಿನದಲ್ಲ. ತಟ್ಟೆ ಸಾಮ್ರಾಜ್ಯದ ಕಾಲದ್ದಲ್ಲ, ಅದನ್ನು ಬಿಟ್ಟುಬಿಡಿ. ನಿಮ್ಮ ಯಜಮಾನರ ಭಯಕ್ಕೆ ಕಾರಣವಿದೆ, ಆದರೆ ನಿಜವಾದ ಅಪಾಯ ಇರುವುದು ಅವರು ಅಂದುಕೊಂಡ ಜಾಗದಲ್ಲಿ ಅಲ್ಲ. ಒಂದೊಂದಾಗಿ ಹೇಳುತ್ತೇನೆ.

ಹದ್ದಿನ ತಲೆಯಿಂದ ಶುರುಮಾಡೋಣ, ಏಕೆಂದರೆ ನನ್ನ ಬಳಿ ಬರುವ ಹತ್ತಾರು ಪತ್ರಗಳಲ್ಲಿ ಇದೇ ತಪ್ಪು ತಿಳಿವಳಿಕೆ ಇರುತ್ತದೆ. ಹದ್ದು ನೆಪೋಲಿಯನ್ನನ ಲಾಂಛನ ಹೌದು. ಆದರೆ ಒಡವೆಯ ಮೇಲಿನ ಆ ಪುಟ್ಟ ಹದ್ದಿನ ತಲೆಗೂ ಅವನಿಗೂ ಸಂಬಂಧವಿಲ್ಲ. ಅದು ಫ್ರೆಂಚ್ ಸರ್ಕಾರದ ಹಾಲ್‌ಮಾರ್ಕ್. ಚಿನ್ನ 18 ಕ್ಯಾರೆಟ್, ಅಂದರೆ ಸಾವಿರಕ್ಕೆ 750 ಭಾಗ ಶುದ್ಧ ಎನ್ನುವ ಖಾತರಿ. ನಮ್ಮಲ್ಲಿ 916 ನೋಡಿ ಕೊಳ್ಳುತ್ತೇವಲ್ಲ, ಹಾಗೆ. ಈ ಮುದ್ರೆ ಬಳಕೆಗೆ ಬಂದದ್ದು 1838ರಲ್ಲಿ. ಆಗ ಸಿಂಹಾಸನದ ಮೇಲಿದ್ದವನು ರಾಜ ಲೂಯಿ ಫಿಲಿಪ್, ನೆಪೋಲಿಯನ್ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಇಂದಿಗೂ ಪ್ಯಾರಿಸ್ಸಿನಲ್ಲಿ ಹೊಸದಾಗಿ ಮಾಡಿದ ಉಂಗುರಕ್ಕೆ ಅದೇ ಹದ್ದಿನ ತಲೆ ಬೀಳುತ್ತದೆ. ಮೊದಲನೇ ನೆಪೋಲಿಯನ್ನನ ಕಾಲದ ಒಡವೆ ಆಗಿದ್ದರೆ ಅದರ ಮೇಲೆ ಇರಬೇಕಾದದ್ದು ಹುಂಜ. 1797ರ ಕಾಯ್ದೆ ತಂದ ವ್ಯವಸ್ಥೆ ಅದು. 1798ರಿಂದ 1809ರವರೆಗೆ ಒಂದು ಬಗೆಯ ಹುಂಜ, ಅಲ್ಲಿಂದ 1819ರವರೆಗೆ ಇನ್ನೊಂದು ಬಗೆಯದು. ಇನ್ನು ಗೂಬೆಯ ಮುದ್ರೆ ಕಂಡರೆ ಅದು 1893ರಿಂದೀಚೆಗೆ ಹೊರದೇಶದಿಂದ ಬಂದ ಅಥವಾ ಮೂಲ ತಿಳಿಯದ ಚಿನ್ನಕ್ಕೆ ಹಾಕಿದ್ದು.

ಹಾಗಾಗಿ ಹದ್ದಿನ ತಲೆ ನಿಮಗೆ ಹೇಳುವುದು ಎರಡೇ ಸಂಗತಿ: ಚಿನ್ನ 18 ಕ್ಯಾರೆಟ್, ಮುದ್ರೆ ಬಿದ್ದದ್ದು 1838ರ ನಂತರ. ಅದರ ಪಕ್ಕದಲ್ಲೇ ವಜ್ರಾಕೃತಿಯ ಚೌಕಟ್ಟಿನಲ್ಲಿ ಇನ್ನೊಂದು ಮುದ್ರೆ ಇದೆ, ನಿಮ್ಮ ಚಿತ್ರದಲ್ಲಿ ಅರ್ಧ ಸವೆದು ಕಾಣುತ್ತದೆ. ಅದು ಮಾಡಿದವರ ಗುರುತು: ಹೆಸರಿನ ಮೊದಲಕ್ಷರಗಳು, ನಡುವೆ ಒಂದು ಚಿಹ್ನೆ. ನನ್ನ ದೃಷ್ಟಿಯಲ್ಲಿ ಹದ್ದಿಗಿಂತ ಅದು ಮುಖ್ಯ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಓರೆ ಬೆಳಕು ಬಿಟ್ಟು ಓದಿದರೆ ಯಾವ ಕಾರ್ಯಾಗಾರ, ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆಯಿತು ಎಂದು ಪತ್ತೆ ಮಾಡುವ ಸಾಧ್ಯತೆ ಇದೆ.

ಇನ್ನು ‘ಎನ್’. ಎಲ್ಲರೂ ಎಡವುವುದು ಇಲ್ಲೇ. ಅರಮನೆಗೆ ಸರಕು ಒದಗಿಸುವ ವ್ಯಾಪಾರಿಗಳಿಗೆ ಎರಡೂ ಸಾಮ್ರಾಜ್ಯಗಳಲ್ಲಿ, ಅಂದರೆ ಮೊದಲನೇ ನೆಪೋಲಿಯನ್ನನ ಕಾಲದಲ್ಲೂ ಮೂರನೇ ನೆಪೋಲಿಯನ್ನನ ಕಾಲದಲ್ಲೂ, ಅಧಿಕೃತ ಸನ್ನದು ಸಿಗುತ್ತಿತ್ತು. ಸನ್ನದು ಸಿಕ್ಕ ಅಂಗಡಿಯವರು ಸಾಮ್ರಾಟರ ಲಾಂಛನವನ್ನು ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಡಬ್ಬಿಯೊಳಗಿನ ರೇಷ್ಮೆಯ ಮೇಲೆ ಹಾಕಿಸಿಕೊಳ್ಳುತ್ತಿದ್ದರು. ಅಲ್ಲಿ ಚಮಚ ಕೊಂಡ ವಕೀಲನಿಗೂ, ಉಂಗುರ ಕೊಂಡ ಗಿರಣಿ ಮಾಲೀಕನಿಗೂ ಅದೇ ಡಬ್ಬಿ. ಲಾಂಛನ ಹೇಳುವುದು ಅಂಗಡಿ ಯಾವುದೆಂದು. ಒಡವೆ ಧರಿಸಿದವರು ಯಾರೆಂದಲ್ಲ.

ಜೇನುನೊಣದ ಕಥೆಯೂ ಇದೇ. ಮೆರೊವಿಂಜಿಯನ್ ಎಂಬ ಪ್ರಾಚೀನ ರಾಜವಂಶದ ದೊರೆ ಚಿಲ್ಡೆರಿಕ್‌ನ ಸಮಾಧಿ 1653ರಲ್ಲಿ ಪತ್ತೆಯಾದಾಗ ಅದರಲ್ಲಿ ಚಿನ್ನದ ನೊಣಗಳು ಸಿಕ್ಕಿದ್ದವು. ಬೂರ್ಬನ್ ರಾಜರ ಲಿಲ್ಲಿ ಹೂವಿಗೆ ಬದಲಾಗಿ ನೆಪೋಲಿಯನ್ ಅದನ್ನು ತನ್ನ ಗುರುತು ಮಾಡಿಕೊಂಡ. 1853ರಲ್ಲಿ ಗೆರ್ಲೆನ್ ಕಂಪನಿ ಯೂಜೆನಿಗಾಗಿ ಮಾಡಿದ ಸುಗಂಧದ ಸೀಸೆಯ ಮೇಲೆ ನೊಣಗಳಿವೆ, ಅದೇ ಮಾದರಿಯ ಸೀಸೆ ಈಗಲೂ ಮಾರಾಟದಲ್ಲಿದೆ. ನೊಣ ಕಂಡಲ್ಲೆಲ್ಲ ಅರಮನೆ ಹುಡುಕಬೇಡಿ.

ಮೈಸೂರು, ಶ್ರೀರಂಗಪಟ್ಟಣದ ಕಡೆಯಿಂದಲೂ ಇಂಥ ಪತ್ರಗಳು ಬರುವುದುಂಟು: ‘ಎನ್’ ಇರುವ ಡಬ್ಬಿಯೋ ಗಡಿಯಾರವೋ ಮನೆಯಲ್ಲಿದೆ, ನೆಪೋಲಿಯನ್ ಟಿಪ್ಪುವಿಗೆ ಕಳಿಸಿದ್ದಂತೆ, ಎಂದು. ತಾರೀಕುಗಳನ್ನು ನೋಡಿದರೆ ಸಾಕು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ ನೆಪೋಲಿಯನ್ ಬೊನಪಾರ್ಟೆ ಆಗಿನ್ನೂ ಸೇನಾಪತಿ. ಆ ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಟಿಪ್ಪು ಮಡಿದದ್ದು ಅದೇ ವರ್ಷ ಮೇ 4ರಂದು. ಕಿರೀಟವಿಟ್ಟ ‘ಎನ್’ ಹುಟ್ಟಿದ್ದು 1804ರ ನಂತರ. ಟಿಪ್ಪುವಿನ ಆಸ್ಥಾನಕ್ಕೆ ಫ್ರೆಂಚ್ ಉಡುಗೊರೆಗಳ ನಂಟು ಇದ್ದದ್ದು ನಿಜ, ಆದರೆ ಅದು ಹದಿನಾರನೇ ಲೂಯಿಯ ಕಾಲದ್ದು. 1788ರಲ್ಲಿ ವರ್ಸಾಯ್‌ಗೆ ಹೋದ ಟಿಪ್ಪುವಿನ ಮೂವರು ರಾಯಭಾರಿಗಳಿಗೆ ಸೆವ್ರ್ ಕಾರ್ಖಾನೆಯ ಪಿಂಗಾಣಿ ಕೊಟ್ಟಿದ್ದರು. ಅಂಥದ್ದರ ಮೇಲೆ ಇರಬೇಕಾದದ್ದು ಹೆಣೆದ ಎರಡು ‘ಎಲ್’ ಅಕ್ಷರಗಳು.

ಪಿಂಗಾಣಿಯ ಮಾತು ಬಂದದ್ದರಿಂದ ನಿಮ್ಮ ತಟ್ಟೆಯ ವಿಷಯ ಇಲ್ಲೇ ಮುಗಿಸುತ್ತೇನೆ. ಅದರ ಬೆನ್ನಿಗಿರುವ ನೀಲಿ ‘ಎನ್’ ಇಟಲಿಯ ನೇಪಲ್ಸ್ ಕಾರ್ಖಾನೆಯ ಹಳೆಯ ಗುರುತು. ಆ ಕಾರ್ಖಾನೆ ಮುಚ್ಚಿದ ಮೇಲೆ ಇಟಲಿ, ಜರ್ಮನಿ, ಫ್ರಾನ್ಸಿನ ಅನೇಕ ಕಾರ್ಖಾನೆಗಳು ಅದನ್ನು ಧಾರಾಳವಾಗಿ ನಕಲು ಮಾಡಿದವು. ಜೋಸೆಫೀನ್, ನೆಪೋಲಿಯನ್, ಅವನ ಸೇನಾನಿಗಳ ಚಿತ್ರವಿರುವ ಗಾಢ ನೀಲಿ ಅಂಚಿನ ತಟ್ಟೆಗಳು ಹತ್ತೊಂಬತ್ತನೇ ಶತಮಾನದ ಕೊನೆ ಮತ್ತು ಇಪ್ಪತ್ತನೇ ಶತಮಾನದ ಆರಂಭದ ಅಲಂಕಾರಿಕ ಸರಕು. ನಿಜವಾದ ಸೆವ್ರ್ ಆಗಿದ್ದರೆ 1804ರಿಂದ 1809ರವರೆಗಿನದಕ್ಕೆ ‘ಸೆವ್ರ್ ಸಾಮ್ರಾಜ್ಯದ ಕಾರ್ಖಾನೆ’ ಎಂಬ ಅರ್ಥದ ಕೆಂಪು ಬರಹ ಇರುತ್ತದೆ, 1810ರಿಂದ ಹದ್ದಿನ ಮುದ್ರೆ. ಎರಡನೇ ಸಾಮ್ರಾಜ್ಯದಲ್ಲಿ ಸೆವ್ರ್ ಕೂಡ ಕಿರೀಟದ ‘ಎನ್’ ಬಳಸಿತು, ನಿಜ. ಆದರೆ ಅದರ ಜೊತೆಗೆ ‘ಎಸ್’ ಅಕ್ಷರ ಮತ್ತು ವರ್ಷದ ಕೊನೆಯ ಎರಡಂಕಿ ಇರುವ ಹಸಿರು ಮುದ್ರೆ ಇರಬೇಕು. ಆ ಹಸಿರು ಮುದ್ರೆಗೆ ಅಡ್ಡವಾಗಿ ಗೀರು ಎಳೆದಿದ್ದರೆ, ಬಣ್ಣ ಹಾಕದ ಬಿಳಿ ತಟ್ಟೆಯಾಗಿಯೇ ಕಾರ್ಖಾನೆ ಅದನ್ನು ಮಾರಿತ್ತು, ಚಿತ್ರ ಹೊರಗಿನವರು ಬರೆದದ್ದು ಎಂದು ತಿಳಿಯಬೇಕು. ನಿಮ್ಮ ತಟ್ಟೆಯಲ್ಲಿ ಇದಾವುದೂ ಇಲ್ಲ. ಗೋಡೆಗೆ ಚೆಂದವಾಗಿ ಕಾಣುತ್ತದೆ. 900 ಯೂರೊ ಕೊಡುವ ವಸ್ತುವಲ್ಲ.

ಈಗ 1887ರ ಹರಾಜು. ಅಂಗಡಿಯವರ ಮಾತಿನಲ್ಲಿ ಸುಲಭವಾಗಿ ಪರೀಕ್ಷಿಸಬಹುದಾದ ಭಾಗ ಇದು.

ಫ್ರಾನ್ಸಿನಲ್ಲಿ ರಾಜಮನೆತನದ ಒಡವೆ ಎಂದರೆ ಎರಡು ಬಗೆ. ಒಂದು ರಾಷ್ಟ್ರದ ಸ್ವತ್ತು, ದೊರೆಯೋ ಸಾಮ್ರಾಜ್ಞಿಯೋ ಧರಿಸಬಹುದು, ಮಾರುವಂತಿಲ್ಲ. ಇನ್ನೊಂದು ಅವರ ಸ್ವಂತದ್ದು. 1870ರಲ್ಲಿ ಸೆಡಾನ್ ಯುದ್ಧ ಸೋತು ಸಾಮ್ರಾಜ್ಯ ಕುಸಿದಾಗ ಯೂಜೆನಿ ಇಂಗ್ಲೆಂಡಿಗೆ ಹೋದಳು. ಸ್ವಂತ ಒಡವೆಗಳಲ್ಲಿ ಒಂದಷ್ಟನ್ನು 1872ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಮಾರಿದಳು. ರಾಷ್ಟ್ರದ ಸ್ವತ್ತು ಫ್ರಾನ್ಸಿನಲ್ಲೇ ಉಳಿಯಿತು. ಮತ್ತೆ ಯಾರೂ ಸಿಂಹಾಸನದ ಕನಸು ಕಾಣಬಾರದೆಂದು ಗಣರಾಜ್ಯದ ಸರ್ಕಾರ ಅದನ್ನು 1887ರ ಮೇ ತಿಂಗಳಲ್ಲಿ ಲೂವ್ರ್ ಕಟ್ಟಡದಲ್ಲೇ ಹರಾಜು ಹಾಕಿತು. ಬಂದದ್ದು 70 ಲಕ್ಷ ಫ್ರಾಂಕಿಗಿಂತ ತುಸು ಹೆಚ್ಚು. ದೊಡ್ಡ ಕೊಳ್ಳುಗರು ಒಡವೆ ವ್ಯಾಪಾರಿಗಳೇ, ಅವರಲ್ಲಿ ಮುಂದಿದ್ದದ್ದು ಅಮೆರಿಕದ ಟಿಫನಿ. ಅನೇಕ ಒಡವೆಗಳನ್ನು ಬಿಚ್ಚಿ ಕಲ್ಲು ಕಲ್ಲಾಗಿ ಮಾರಿದರು. ಒಂದು ದೇಶ ತನ್ನ ಕೈಯಾರೆ ತನ್ನ ಕುಶಲಕರ್ಮಿಗಳ ಕೆಲಸವನ್ನು ಹೀಗೆ ಚೂರು ಮಾಡಿದ್ದು ಇಂದಿಗೂ ನನಗೆ ಸಂಕಟ ತರುತ್ತದೆ.

ಕೆಲವನ್ನು ಮಾತ್ರ ಹರಾಜಿನಿಂದ ಹೊರಗಿಟ್ಟರು. ಅದರಲ್ಲಿ ಮುಖ್ಯವಾದದ್ದು ‘ರೀಜೆಂಟ್’ ವಜ್ರ, 140.64 ಕ್ಯಾರೆಟ್. ಅದರ ಮೂಲ ನಮ್ಮ ದಖ್ಖನ್. ಕೃಷ್ಣಾ ನದಿ ದಂಡೆಯ ಕೊಲ್ಲೂರು ಗಣಿಯದು ಎನ್ನುತ್ತಾರೆ (ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು). ಮದರಾಸಿನ ಇಂಗ್ಲಿಷ್ ಗವರ್ನರ್ ಥಾಮಸ್ ಪಿಟ್ ಅದನ್ನು ಕೊಂಡ, 1717ರಲ್ಲಿ ಫ್ರಾನ್ಸಿನ ಆಡಳಿತ ನೋಡಿಕೊಳ್ಳುತ್ತಿದ್ದ ಆರ್ಲಿಯನ್ಸ್ ಡ್ಯೂಕನಿಗೆ ಮಾರಿದ. ನೆಪೋಲಿಯನ್ ಅದನ್ನು ಖಡ್ಗದ ಹಿಡಿಗೆ ಕೂರಿಸಿಕೊಂಡ, ಯೂಜೆನಿ ತಲೆಯ ಆಭರಣಕ್ಕೆ.

ನಿಮಗೆ ಇಲ್ಲಿ ಬೇಕಾದ ವಿಷಯ ಇದು: 1887ರ ಹರಾಜಿಗೆ ಮುದ್ರಿತ ಕ್ಯಾಟಲಾಗ್ ಇದೆ, ಒಡವೆಗಳ ಛಾಯಾಚಿತ್ರಗಳಿವೆ. ಅಂದು ಮಾರಾಟವಾದದ್ದು ಗುರುತು ಸಿಗದ ಸರಕಲ್ಲ. ಅಂಗಡಿಯವರು ಇದು ಅಲ್ಲಿಂದ ಬಂದದ್ದು ಎಂದರೆ, ಲಾಟ್ ನಂಬರ್ ಎಷ್ಟು ಎಂದು ಕೇಳಿ. ಅಲ್ಲಿಂದ ಇಲ್ಲಿಯವರೆಗೆ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಆ ಮಾತಿಗೆ ಒಂದು ಯೂರೊ ಕೂಡ ಹೆಚ್ಚಿಗೆ ಕೊಡಬೇಡಿ.

ಅವರು ಈ ಕಥೆಯನ್ನೇ ಏಕೆ ಹೇಳುತ್ತಿದ್ದಾರೆಂದು ಊಹಿಸಬಲ್ಲೆ. ಯೂಜೆನಿಯ ಪ್ರಸಿದ್ಧ ಒಡವೆಗಳಲ್ಲಿ ರಿಬ್ಬನ್ ಗಂಟಿನ ವಜ್ರದ ಬ್ರೂಚ್ ಒಂದಿತ್ತು. ಫ್ರಾನ್ಸ್ವಾ ಕ್ರಾಮರ್ 1855ರಲ್ಲಿ ಮಾಡಿದ್ದು. ಮೊದಲು ಅದು ವಜ್ರದ ಸೊಂಟಪಟ್ಟಿಯ ಭಾಗವಾಗಿತ್ತು, ಆಮೇಲೆ ಕುಪ್ಪಸದ ಎದೆಗೆ ಧರಿಸುವಂತೆ ಕುಚ್ಚು ಜೋಡಿಸಿದರು. 1887ರಲ್ಲಿ ಮಾರಾಟವಾಗಿ ಅಮೆರಿಕದ ಆಸ್ಟರ್ ಕುಟುಂಬ ಸೇರಿತು, 2008ರಲ್ಲಿ ಲೂವ್ರ್ ಮರಳಿ ಕೊಂಡಿತು. ಯೂಜೆನಿಗೆ ಹದಿನಾರನೇ ಲೂಯಿಯ ರಾಣಿ ಮಾರಿ ಆಂತ್ವಾನೆತ್‌ಳ ಮೇಲೆ ತುಂಬಾ ಅಭಿಮಾನ. ಹಾಗಾಗಿ ಹದಿನೆಂಟನೇ ಶತಮಾನದ ಗಂಟು, ಕುಚ್ಚು, ಹೂಮಾಲೆಗಳು ಅವಳ ಕಾಲದಲ್ಲಿ ಮತ್ತೆ ಫ್ಯಾಷನ್ ಆದವು. ಪ್ಯಾರಿಸ್ ಮಾತ್ರವಲ್ಲ, ಲಿಯಾನ್, ಬೋರ್ಡೊ ಎಲ್ಲ ಕಡೆಯ ಉಳ್ಳವರ ಮನೆ ಹೆಂಗಸರು ಅಂಥದ್ದನ್ನು ಮಾಡಿಸಿಕೊಂಡರು. ನಿಮ್ಮ ಬ್ರೂಚ್ ಆ ಸಾಲಿನದು ಎಂದು ನನಗನ್ನಿಸುತ್ತದೆ. ಅದೇನೂ ಕೀಳಲ್ಲ.

ಫೋಟೊದಲ್ಲಿ ಕಂಡದ್ದನ್ನು ಹೇಳುತ್ತೇನೆ. ವಜ್ರಗಳನ್ನು ಕೂರಿಸಿದ ಭಾಗ ಬೂದುಬಣ್ಣಕ್ಕೆ ತಿರುಗಿದ ಬೆಳ್ಳಿ, ಅದರ ಹಿಂದೆ ಚಿನ್ನದ ಪದರ. ಇದು ಒಳ್ಳೆಯ ಲಕ್ಷಣ. ವಜ್ರದ ಬಿಳುಪಿಗೆ ಹಳದಿ ಚಿನ್ನ ಹೊಂದದು ಎಂದು ಬೆಳ್ಳಿ ಬಳಸುತ್ತಿದ್ದರು. ಬೆಳ್ಳಿ ಬಟ್ಟೆಗೆ ಕಪ್ಪು ಹಚ್ಚಬಾರದೆಂದು ಹಿಂದೆ ಚಿನ್ನ ಕೊಡುತ್ತಿದ್ದರು. ಪ್ಲಾಟಿನಂ ಒಡವೆಗೆ ವ್ಯಾಪಕವಾಗಿ ಬಂದದ್ದು 1900ರ ಆಸುಪಾಸಿನಲ್ಲಿ. ಕಲ್ಲಿನ ಹಿಂಭಾಗ ತೆರೆದಿದೆ, ಬೆಳಕು ಹಾಯುತ್ತದೆ. ಅಂಚಿನ ವಜ್ರಗಳು ತಳ ಚಪ್ಪಟೆಯಿರುವ ರೋಸ್ ಕಟ್, ಒಂದಕ್ಕೊಂದು ಅಳತೆಯಲ್ಲಿ ತುಸು ಹೆಚ್ಚುಕಡಿಮೆ. ಯಂತ್ರದ ಕಟಿಂಗ್ ಆಗಿದ್ದರೆ ಹೀಗಿರುತ್ತಿರಲಿಲ್ಲ. ಇದಿಷ್ಟೂ 1860ರಿಂದ 1880ರ ನಡುವಿನ ಕೆಲಸಕ್ಕೆ ಹೊಂದುತ್ತದೆ.

ಹೊಂದದ ಸಂಗತಿಗಳೂ ಇವೆ. ಪಿನ್ ಸಿಕ್ಕಿಸುವ ಕೊಂಡಿಗೆ ತಿರುಗುವ ಬೀಗ ಇದೆ, ಅದು ಇಪ್ಪತ್ತನೇ ಶತಮಾನದ್ದು. ಆ ಕಾಲದ ಕೊಂಡಿ ಬರೀ ಬಾಗಿದ ತಂತಿ. ಯಾರೋ ಭದ್ರತೆಗೆಂದು ಬದಲಾಯಿಸಿದ್ದಾರೆ, ಅದು ಮೋಸವಲ್ಲ. ಆದರೆ ಎಡಗಡೆಯ ಕುಚ್ಚು ಸೇರುವಲ್ಲಿ ಬೂದು ಬಣ್ಣದ ಉಬ್ಬು ಕಾಣುತ್ತದೆ, ಸೀಸದ ಬೆಸುಗೆ ಇರಬಹುದು. ಎರಡು ಕುಚ್ಚುಗಳ ಚಿನ್ನದ ಬಣ್ಣವೂ ಒಂದೇ ಅಲ್ಲ, ಒಂದು ತುಸು ಕೆಂಪು. ಬೇರೆ ಒಡವೆಯಿಂದ ತಂದು ಜೋಡಿಸಿರುವ ಸಂಭವ ಇದೆ. ಸೀಸದ ಬೆಸುಗೆ ಬೆಲೆ ಇಳಿಸುತ್ತದೆ, ಮುಂದೆ ಸರಿಯಾದ ದುರಸ್ತಿಗೂ ತೊಡಕು, ಏಕೆಂದರೆ ಬಿಸಿ ಮಾಡಿದಾಗ ಸೀಸ ಚಿನ್ನವನ್ನು ತಿನ್ನುತ್ತದೆ.

ಹಸಿರು ಕಲ್ಲಿನ ಬಗ್ಗೆ ಫೋಟೊ ನೋಡಿ ಹೇಳಲಾಗದು, ಹೇಳುವವರನ್ನು ನಂಬಲೂ ಬೇಡಿ. ಪಚ್ಚೆ ಇರಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಬಹಳ ಬಳಕೆಯಲ್ಲಿದ್ದ ಜೋಡಿಗಲ್ಲೂ ಇರಬಹುದು: ಕೆಳಗೆ ಹಸಿರು ಗಾಜು, ಮೇಲೆ ತೆಳುವಾದ ಗಾರ್ನೆಟ್ ಪದರ. ಅದು ಆ ಕಾಲದಲ್ಲೇ ಮಾಡಿದ್ದರೂ ಬೆಲೆ ಮಾತ್ರ ಬೇರೆಯೇ. ಪರೀಕ್ಷೆ ಮಾಡುವವರು ಪಕ್ಕದಿಂದ ನೋಡಿದರೆ ಜೋಡಣೆಯ ಗೆರೆ ಸಿಗುತ್ತದೆ. ಮುತ್ತು, ಮಾಣಿಕ್ಯಗಳಿದ್ದರೆ ಇನ್ನೂ ಖಚಿತವಾಗಿ ಹೇಳಬಹುದಿತ್ತು. ವೆರ್ನೂಯ್ ವಿಧಾನದ ಕೃತಕ ಮಾಣಿಕ್ಯ 1902ರ ನಂತರದ್ದು, ಕೃಷಿ ಮುತ್ತು ಮಾರುಕಟ್ಟೆಗೆ ಬಂದದ್ದೂ ಇಪ್ಪತ್ತನೇ ಶತಮಾನದಲ್ಲೇ.

ಡಬ್ಬಿಯ ಮೇಲೆ ನನಗಿರುವ ಆಕ್ಷೇಪ ಗಟ್ಟಿಯಾದದ್ದು. ಒಳಗಿನ ಮಖಮಲ್ಲಿನಲ್ಲಿ ಒಡವೆ ಕೂರುವ ತಗ್ಗು ಮೊಟ್ಟೆಯಾಕಾರದಲ್ಲಿದೆ. ನಿಮ್ಮ ಬ್ರೂಚಿನ ಎರಡೂ ಕಿವಿಗಳು ಆಚೆ ಚಾಚಿಕೊಂಡು, ಕುಚ್ಚು ಅಂಚಿನ ಮೇಲೆ ಬಿದ್ದಿದೆ. ಆ ಕಾಲದ ಒಳ್ಳೆಯ ಅಂಗಡಿಗಳು ಒಡವೆಯ ಅಳತೆಗೇ ಡಬ್ಬಿ ಮಾಡಿಸುತ್ತಿದ್ದವು, ಕೂದಲೆಳೆಯಷ್ಟೂ ಅಲುಗಾಡದಂತೆ. ಇನ್ನೊಂದು, ಮುಚ್ಚಳದ ಒಳಗಿನ ರೇಷ್ಮೆಯ ಮೇಲಿನ ಮಾಸಿದ ಅಚ್ಚು ಓದಿ ನೋಡಿ: ಅಂಗಡಿಯ ವಿಳಾಸದ ಕೆಳಗೆ 1889ರ ವಸ್ತುಪ್ರದರ್ಶನದ ಚಿನ್ನದ ಪದಕ ಎಂದಿದೆ. ಅಂದರೆ ಆ ಡಬ್ಬಿ ತಯಾರಾದದ್ದು 1889ರ ನಂತರ. ಯೂಜೆನಿ ದೇಶ ಬಿಟ್ಟು ಆಗ ಹತ್ತೊಂಬತ್ತು ವರ್ಷ ಕಳೆದಿತ್ತು. ಗಣರಾಜ್ಯದ ಕಾಲದಲ್ಲಿ ಯಾವ ಅಂಗಡಿಯವನೂ ಸಾಮ್ರಾಟನ ಕಿರೀಟ ಹಾಕಿ ಡಬ್ಬಿ ಕೊಡುತ್ತಿರಲಿಲ್ಲ. ಮುಚ್ಚಳದ ‘ಎನ್’ ಆಮೇಲೆ ಒತ್ತಿದ್ದು. ಇದನ್ನು ಈಗಿನ ಅಂಗಡಿಯವರೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೂ ಹಾಗೆಯೇ ಬಂದಿರಬಹುದು.

ಇಂಥ ವಸ್ತುಗಳು ಇಷ್ಟೊಂದು ಏಕೆ ಹುಟ್ಟಿಕೊಂಡವು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ನೆಪೋಲಿಯನ್ನನ ಅವಶೇಷಗಳನ್ನು 1840ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ಪ್ಯಾರಿಸ್ಸಿಗೆ ತಂದಾಗ ಇಡೀ ಫ್ರಾನ್ಸಿನಲ್ಲಿ ಅವನ ನೆನಪಿನ ಅಲೆ ಎದ್ದಿತು. ಅವನ ತಮ್ಮನ ಮಗ 1852ರಲ್ಲಿ ಸಾಮ್ರಾಟನಾದ ಮೇಲೆ ಹದ್ದು, ನೊಣ, ‘ಎನ್’ ಎಲ್ಲವೂ ಸರ್ಕಾರದ ಗುರುತುಗಳಾಗಿ ಮರಳಿದವು. ಅದೇ ಹೊತ್ತಿಗೆ ಯಂತ್ರದ ಅಚ್ಚು, ವಿದ್ಯುತ್ ಲೇಪನ ಬಂದವು. ಅಲ್ಲಿಯವರೆಗೆ ಕಂಚಿಗೆ ಚಿನ್ನ ಹಚ್ಚಲು ಪಾದರಸ ಬೇಕಿತ್ತು, ಅದರ ಹೊಗೆ ಕುಡಿದು ಕೆಲಸಗಾರರು ಎಳೆವಯಸ್ಸಿಗೇ ಸಾಯುತ್ತಿದ್ದರು. ಕ್ರಿಸ್ಟೊಫ್ಲ್ ಕಂಪನಿ 1842ರಲ್ಲಿ ವಿದ್ಯುತ್ ಲೇಪನದ ಹಕ್ಕು ಪಡೆದ ನಂತರ ಬೆಳ್ಳಿ ಬಂಗಾರದ ಹೊಳಪು ಮಧ್ಯಮ ವರ್ಗದ ಮೇಜಿಗೂ ಬಂತು. ಸ್ವತಃ ಮೂರನೇ ನೆಪೋಲಿಯನ್ ಅತಿಥಿಗಳಿಗೆ ಬಡಿಸಲು ಕ್ರಿಸ್ಟೊಫ್ಲ್‌ನ ಲೇಪನದ ಸಾಮಾನು ಮಾಡಿಸಿದ್ದ. 1871ರಲ್ಲಿ ಟ್ವಿಲರೀಸ್ ಅರಮನೆ ಸುಟ್ಟಾಗ ಅದರಲ್ಲಿ ಹೆಚ್ಚಿನದು ಹಾಳಾಯಿತು.

ಇದರಿಂದ ಇನ್ನೊಂದು ನಂಬಿಕೆಯೂ ಸಡಿಲಾಗಬೇಕು: ಅರಮನೆಯದು ಎಂದರೆ ತೂಕದ ಚಿನ್ನ, ದೊಡ್ಡ ಕಲ್ಲು ಎನ್ನುವುದು. ಮೊದಲನೇ ನೆಪೋಲಿಯನ್ನನ 1804ರ ಡಿಸೆಂಬರ್ 2ರ ಪಟ್ಟಾಭಿಷೇಕಕ್ಕೆ ಅಕ್ಕಸಾಲಿಗ ಬಿಯೆನ್ನೆ ಮಾಡಿಕೊಟ್ಟ ಕಿರೀಟ, ಮಧ್ಯಯುಗದ ದೊರೆ ಶಾರ್ಲಮೇನನ ಹೆಸರಿನದು, ಚಿನ್ನದ ನೀರು ಕೊಟ್ಟ ತಾಮ್ರದ್ದು. ಅದರ ಮೇಲಿರುವುದು ಕೆತ್ತನೆಯ ಕಲ್ಲುಗಳು. ಅದೇ ಸಮಾರಂಭದಲ್ಲಿ ನೆಪೋಲಿಯನ್ ಧರಿಸಿದ ಎಲೆಗಳ ಕಿರೀಟ ಮಾತ್ರ ಚಿನ್ನದ್ದು. ಭಾರವಾಯಿತೆಂದು ಅವನು ಹೇಳಿದ್ದರಿಂದ ಬಿಯೆನ್ನೆ ಆರು ಎಲೆ ಕಿತ್ತು ಹೆಣ್ಣುಮಕ್ಕಳಿಗೆ ಹಂಚಿದನಂತೆ. ಕಿರೀಟವನ್ನು ಆಮೇಲೆ ಕರಗಿಸಿದರು. ಆ ಎಲೆಗಳಲ್ಲಿ ಒಂದು, ಹತ್ತು ಗ್ರಾಂ ತೂಕದ್ದು, 2017ರಲ್ಲಿ ಫಾಂಟೆನ್‌ಬ್ಲೊ ಹರಾಜಿನಲ್ಲಿ 6,25,000 ಯೂರೊಗೆ ಹೋಯಿತು. ಕೊಂಡವರು ತೂಕಕ್ಕೆ ಹಣ ಕೊಡಲಿಲ್ಲ. ಎಲೆ ಬಿಯೆನ್ನೆಯ ಮನೆತನದಲ್ಲೇ ಉಳಿದು ಬಂದಿತ್ತು ಎನ್ನುವುದಕ್ಕೆ ಕೊಟ್ಟರು. ನಿಮ್ಮ ಬ್ರೂಚಿಗೆ ಇಲ್ಲದಿರುವುದು ಆ ಸರಪಳಿ.

ಸರಪಳಿ ಗಟ್ಟಿಯಾಗಿದ್ದರೂ ವಸ್ತು ಬದಲಾಗಿರಬಹುದು ಎನ್ನುವುದಕ್ಕೆ ಸಾಮ್ರಾಜ್ಞಿ ಮಾರಿ ಲೂಯಿಯ ಪಚ್ಚೆಯ ಸೆಟ್ ನೋಡಿ. 1810ರಲ್ಲಿ ಮದುವೆಯ ಉಡುಗೊರೆಯಾಗಿ ನೆಪೋಲಿಯನ್ ಕೊಟ್ಟದ್ದು, ಒಡವೆ ಕೆಲಸದ ನಿಟೊ ಮನೆತನ ಮಾಡಿದ್ದು. ಅವಳ ಸ್ವಂತದ್ದಾದ್ದರಿಂದ ರಾಷ್ಟ್ರಕ್ಕೆ ಸೇರಲಿಲ್ಲ, ಹರಾಜಿಗೂ ಬರಲಿಲ್ಲ; ಹ್ಯಾಬ್ಸ್‌ಬರ್ಗ್ ಬಂಧುಗಳಿಗೆ ಹೋಯಿತು. ಹಾರ ಮತ್ತು ಓಲೆಗಳನ್ನು 2004ರಲ್ಲಿ ಲೂವ್ರ್ ಕೊಂಡಿತು. ತಲೆಯ ಆಭರಣ ಮಾತ್ರ 1950ರ ದಶಕದಲ್ಲಿ ಒಡವೆ ಕಂಪನಿಯೊಂದರ ಕೈಗೆ ಬಂದು, ಪಚ್ಚೆಗಳನ್ನೆಲ್ಲ ಬಿಡಿಸಿ ಬೇರೆ ಬೇರೆ ಗಿರಾಕಿಗಳಿಗೆ ಮಾರಿ, ಆ ಜಾಗಕ್ಕೆ ಫಿರೋಜಾ ಕಲ್ಲು ಕೂರಿಸಿದರು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಚೌಕಟ್ಟು ಮತ್ತು ವಜ್ರಗಳು ನಿಟೊ ಕಾಲದವು, ನೀಲಿ ಕಲ್ಲುಗಳು ನಮ್ಮ ಕಾಲದವು. ಸಂಗ್ರಹಾಲಯ ಇದನ್ನು ಮುಚ್ಚಿಡದೆ ಬರೆದು ತೋರಿಸುತ್ತದೆ.

ಲೂವ್ರ್ ಕಳ್ಳತನಕ್ಕೆ ಬರುತ್ತೇನೆ. 2025ರ ಅಕ್ಟೋಬರ್ 19ರ ಬೆಳಿಗ್ಗೆ ಅಪೊಲೊ ಗ್ಯಾಲರಿಯಿಂದ ಏಳೆಂಟು ನಿಮಿಷದಲ್ಲಿ ಎಂಟು ಒಡವೆಗಳನ್ನು ಹೊತ್ತೊಯ್ದರು. ಮಾರಿ ಲೂಯಿಯ ಆ ಹಾರ, ಓಲೆ, ಯೂಜೆನಿಯ ಮುತ್ತಿನ ಶಿರೋಭೂಷಣ, ಮೇಲೆ ಹೇಳಿದ ಗಂಟಿನ ಬ್ರೂಚ್ ಎಲ್ಲವೂ ಅದರಲ್ಲಿದ್ದವು. ಯೂಜೆನಿಯ ಕಿರೀಟ, 1,354 ವಜ್ರ, 56 ಪಚ್ಚೆಗಳದು, ಓಡುವಾಗ ಕೆಳಗೆ ಬಿದ್ದು ಜಖಂ ಆಗಿ ಸಿಕ್ಕಿತು. ಸರ್ಕಾರ ಹೇಳಿದ ನಷ್ಟ 8.8 ಕೋಟಿ ಯೂರೊ. ನಿಮ್ಮ ಬ್ರೂಚ್ ಆ ಎಂಟರಲ್ಲಿ ಯಾವುದೂ ಅಲ್ಲ, ಅದರಲ್ಲಿ ಸಂಶಯವಿಲ್ಲ. ಆ ಬ್ರೂಚ್ ಪೂರ್ತಿ ವಜ್ರದ್ದು, ಹಸಿರು ಕಲ್ಲೇ ಇಲ್ಲ. ಆದರೆ ಬೇರೆ ಯಾರದೋ ಮನೆಯಿಂದ ಕದ್ದದ್ದು ಆಗಿರಬಾರದಲ್ಲ. ಇಂಟರ್‌ಪೋಲಿನ ‘ಐಡಿ ಆರ್ಟ್’ ಆ್ಯಪ್ ಉಚಿತ, ಅದರಲ್ಲಿ ಹುಡುಕಿ. ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್ ಶುಲ್ಕ ಪಡೆದು ಪರಿಶೀಲಿಸಿ ಪತ್ರ ಕೊಡುತ್ತದೆ. ಸಾಮ್ರಾಜ್ಞಿಯ ಕಿರೀಟದ್ದು ಎಂದು ಹೇಳಿ ಬಿಡಿ ಕಲ್ಲು ಮಾರಲು ಬಂದವರ ಬಳಿ ಮಾತ್ರ ಬೆಲೆಯನ್ನೂ ಕೇಳಬೇಡಿ.

ಹಾಗಾದರೆ ಮಾಡುವುದೇನು? ನಿಮ್ಮ ಪರವಾಗಿ ಫ್ರಾನ್ಸಿನಲ್ಲಿ ಒಂದು ಒಳ್ಳೆಯ ಕಾನೂನಿದೆ, 1981ರ ಮಾರ್ಚ್ 3ರ ಆದೇಶ. ಹಳೆಯ ವಸ್ತು ಮಾರುವವರು ಅದರ ಸ್ವರೂಪ, ಯಾವುದರಿಂದ ಮಾಡಿದ್ದು, ಮೂಲ, ಕಾಲ ಕುರಿತು ತಾವು ಹೇಳಿದ್ದನ್ನು, ಕೊಳ್ಳುವವರು ಕೇಳಿದರೆ, ಬಿಲ್ಲಿನಲ್ಲಿ ಬರೆದುಕೊಡಲೇಬೇಕು. ‘ಎಪಾಕ್ ನೆಪೋಲಿಯನ್ 3’ ಎಂದು ಬರೆದರೆ ಆ ಕಾಲದಲ್ಲೇ ತಯಾರಾದದ್ದು ಎಂಬ ಖಾತರಿ ಕೊಟ್ಟಂತೆ. ‘ಸ್ತಿಲ್ ನೆಪೋಲಿಯನ್ 3’ ಎಂದರೆ ಬರೀ ಆ ಮಾದರಿಯದು, ನಿನ್ನೆ ಮಾಡಿದ್ದೂ ಆಗಿರಬಹುದು. ಹಾಗಾಗಿ ಅಂಗಡಿಯವರಿಗೆ ಗೌರವದಿಂದಲೇ ಹೇಳಿ: ಯೂಜೆನಿಯದು ಎಂದು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನಲ್ಲೂ ಬರೆಯಿರಿ. ಬರೆದರೆ ನಾಳೆ ಸುಳ್ಳೆಂದು ತಿಳಿದಾಗ ನಿಮಗೆ ಕಾನೂನಿನ ನೆಲೆ ಇರುತ್ತದೆ. ಬರೆಯಲು ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ನಾನು ನಿಮ್ಮ ಜಾಗದಲ್ಲಿದ್ದರೆ ಸಾಮ್ರಾಜ್ಞಿಯ ಹೆಸರನ್ನು ಪಕ್ಕಕ್ಕಿಟ್ಟು, ಹತ್ತೊಂಬತ್ತನೇ ಶತಮಾನದ ಒಂದು ಒಳ್ಳೆಯ ಬ್ರೂಚ್, ಒಂದು ಕುಚ್ಚು ಬದಲಾಗಿದೆ, ಡಬ್ಬಿ ಬೇರೆಯದು, ಎಂದು ಬೆಲೆ ಮಾತಾಡುತ್ತಿದ್ದೆ. ಅದಕ್ಕೆ ಮೊದಲು ಕಲ್ಲಿನ ಪರೀಕ್ಷೆ. ಲಿಯಾನ್‌ನಲ್ಲಿ ಸ್ವತಂತ್ರ ರತ್ನಪರೀಕ್ಷಕರು ಸಿಗದಿದ್ದರೆ ಪ್ಯಾರಿಸ್ಸಿನ ಫ್ರೆಂಚ್ ಜೆಮಾಲಜಿ ಪ್ರಯೋಗಾಲಯ ಇದೆ. ಮುಂಗಡ ಕೊಟ್ಟು, ವರದಿ ಹೊಂದದಿದ್ದರೆ ವಾಪಸ್ ಎಂದು ಬರೆಸಿಕೊಂಡು ಪರೀಕ್ಷೆಗೆ ಕೊಡಬಹುದು. ತೊಂದರೆಯೆಂದರೆ ಖರ್ಚು ನಿಮ್ಮದು, ಕಲ್ಲು ಗಾಜೆಂದು ಗೊತ್ತಾದರೆ ಆ ಹಣ ಹೋದಂತೆ. ಆದರೂ 6,800 ಯೂರೊ ಮುಂದೆ ಅದು ದೊಡ್ಡದಲ್ಲ. ಇನ್ನೊಂದು ದಾರಿ, ಇದನ್ನು ಬಿಟ್ಟು ಪ್ಯಾರಿಸ್ಸಿನ ದ್ರುವೊ ಹರಾಜಿನಲ್ಲಿ ಇಂಥದ್ದೇ ಹುಡುಕುವುದು. ಅಲ್ಲಿ ಪರಿಣತರ ವಿವರಣೆ ಇರುತ್ತದೆ, ತಪ್ಪಾದರೆ ಮಾರಾಟದ ದಿನದಿಂದ ಐದು ವರ್ಷದವರೆಗೆ ಹರಾಜುದಾರರನ್ನು ಹೊಣೆ ಮಾಡಬಹುದು. ಆದರೆ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಸೇರುತ್ತದೆ, ಹುರುಪಿನಲ್ಲಿ ಕೈ ಎತ್ತಿದರೆ ಲೆಕ್ಕ ತಪ್ಪುತ್ತದೆ. ಹೂಡಿಕೆ ಎಂದು ಮಾತ್ರ ಯಾವುದನ್ನೂ ಕೊಳ್ಳಬೇಡಿ. ಬೆಂಗಳೂರಿನ ಒಡವೆ ಅಂಗಡಿಯಲ್ಲಿ ಇದಕ್ಕೆ ಕಟ್ಟುವುದು 18 ಕ್ಯಾರೆಟ್ ಚಿನ್ನದ ತೂಕದ ಬೆಲೆಯನ್ನಷ್ಟೇ.

ಊರಿಗೆ ತರುವ ವಿಷಯ. ಹಳೆಯ ಕಲಾವಸ್ತು ನಿಗದಿತ ಮೌಲ್ಯ ಮೀರಿದರೆ ಫ್ರಾನ್ಸಿನಿಂದ ಹೊರಗೊಯ್ಯಲು ಅಲ್ಲಿನ ಸಂಸ್ಕೃತಿ ಇಲಾಖೆಯ ಪ್ರಮಾಣಪತ್ರ ಬೇಕು. ನಿಮ್ಮ ಬ್ರೂಚ್ ಆ ಮಟ್ಟದ್ದೆಂದು ತೋರುವುದಿಲ್ಲ. ಬೇಕಿಲ್ಲ ಎಂಬ ಮಾತನ್ನು ಅಂಗಡಿಯವರಿಂದ ಬರವಣಿಗೆಯಲ್ಲಿ ಪಡೆಯಿರಿ. ಭಾರತದ ಕಸ್ಟಮ್ಸ್‌ನಲ್ಲಿ ಘೋಷಿಸಿ, ಸುಂಕ ಕಟ್ಟಿದ ರಸೀದಿ ಜೋಪಾನ ಮಾಡಿ. ನೂರು ವರ್ಷ ದಾಟಿದ ವಸ್ತುಗಳಿಗೆ ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆ ಇರುವುದರಿಂದ, ಮಗಳು ಮುಂದೆ ಅದನ್ನು ಮತ್ತೆ ವಿದೇಶಕ್ಕೆ ಒಯ್ಯುವಾಗ ಹೊರಗಿನಿಂದ ಬಂದದ್ದು ಎಂದು ತೋರಿಸಲು ಆ ಕಾಗದಗಳೇ ದಿಕ್ಕು. ಆನೆದಂತ, ಆಮೆ ಚಿಪ್ಪು ಇರುವ ಬೀಸಣಿಗೆ, ಡಬ್ಬಿ, ಬಾಚಣಿಗೆಗಳನ್ನು ಎಷ್ಟೇ ಹಳೆಯದಾದರೂ ಕೊಳ್ಳಬೇಡಿ. ವನ್ಯಜೀವಿ ಕಾನೂನಿನ ತೊಡಕು ಎರಡೂ ದೇಶಗಳಲ್ಲಿದೆ.

ಸಾಮ್ರಾಜ್ಯದ ಕಾಲದ ನಿಜವಾದ ವಸ್ತುವೊಂದು ಕೈಯಲ್ಲಿರಬೇಕು ಎನ್ನುವುದೇ ನಿಮ್ಮ ಆಸೆಯಾಗಿದ್ದರೆ ತಟ್ಟೆಯ ಬದಲು ಸೇಂಟ್ ಹೆಲೆನಾ ಪದಕ ಹುಡುಕಿ. ಮೊದಲನೇ ನೆಪೋಲಿಯನ್ನನ ಕೈಕೆಳಗೆ ಹೋರಾಡಿ ಬದುಕಿದ್ದ ಮುದಿ ಸೈನಿಕರಿಗೆಂದು ಮೂರನೇ ನೆಪೋಲಿಯನ್ 1857ರಲ್ಲಿ ಕೊಟ್ಟದ್ದು. ಕಂಚಿನದು, ಒಂದು ಕಡೆ ಸಾಮ್ರಾಟನ ಮುಖ, ಮೇಲೆ ಕಿರೀಟ, ಹಸಿರು ಕೆಂಪು ಪಟ್ಟಿಯ ರಿಬ್ಬನ್. ಹದ್ದಿನ ಉಬ್ಬುಚಿತ್ರವಿರುವ ಬಿಳಿ ರಟ್ಟಿನ ಡಬ್ಬಿಯಲ್ಲಿ ಕೊಡುತ್ತಿದ್ದರು. ಲಕ್ಷಗಟ್ಟಲೆ ಜನರಿಗೆ ಕೊಟ್ಟದ್ದರಿಂದ ಲಿಯಾನ್‌ನ ಸಂತೆಗಳಲ್ಲೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಡಬ್ಬಿ ಸಮೇತ ಸಿಕ್ಕರೆ ಮಾತ್ರ ತುಸು ಹೆಚ್ಚು ಕೊಡಬಹುದು.

ಬ್ರೂಚಿನ ಮಾಡಿದವರ ಮುದ್ರೆಯನ್ನು ಓರೆ ಬೆಳಕಿನಲ್ಲಿ ಇನ್ನೊಮ್ಮೆ ತೆಗೆದು ಕಳಿಸಿ. ಎಡಗಡೆಯ ಕುಚ್ಚು ಸೇರುವ ಜಾಗದ ಹತ್ತಿರದ ಚಿತ್ರವೂ ಇರಲಿ. ಅಷ್ಟರವರೆಗೆ ಒಡವೆಯನ್ನು ತೊಳೆಯಬೇಡಿ, ಹೊಳಪು ಕೊಡಿಸಬೇಡಿ ಎಂದು ಅಂಗಡಿಯವರಿಗೆ ಹೇಳಿಡಿ.